ಕಂಪ್ಯೂಟರ್: ಈಗಲೇ ಕೊಳ್ಳೋಣವೇ, ಇನ್ನಷ್ಟು ಕಾಯೋಣವೇ?



ನಾಯಕನಹಟ್ಟಿ, ಚಳ್ಳಕೆರೆ, ಮೊಳಕಾಲ್ಮೂರು ಸುತ್ತಿನ ಮನೆಗಳಲ್ಲಿ ಈಗ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ. "ಕಂಪ್ಯೂಟರ್ ಈಗಲೇ ತಗೊಂಡುಬಿಡೋದಾ, ಇಲ್ಲ ರೇಟು ಇಳಿಯೋವರೆಗೆ ತಡೆಯೋದಾ?" ಕೇಳುವವರು ಬೇರೆ ಬೇರೆ ಜನ. ಬಸ್ ನಿಲ್ದಾಣದ ಹತ್ತಿರ ಸಣ್ಣದೊಂದು ಆನ್‌ಲೈನ್ ಸೆಂಟರ್ ತೆರೆಯಬೇಕೆಂದಿರುವ ಯುವಕ ಕೇಳುತ್ತಾನೆ. ಬಿ.ಕಾಂ. ಓದುತ್ತಿರುವ ಮಗಳಿಗೆ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶ ಕಲಿಸಬೇಕೆಂದಿರುವ ತಂದೆ ಕೇಳುತ್ತಾರೆ. ಹತ್ತು ವರ್ಷದ ಹಳೆಯ ಯಂತ್ರದಲ್ಲಿಯೇ ಮದುವೆ ಪತ್ರಿಕೆ, ಫ್ಲೆಕ್ಸ್ ಮಾಡಿಕೊಂಡು ಬಂದ ಡಿಟಿಪಿ ಅಂಗಡಿಯವರೂ ಕೇಳುತ್ತಾರೆ. ಈ ಹಣ ಯಾರಿಗೂ ಸುಮ್ಮನೆ ಬಂದದ್ದಲ್ಲ. ಶೇಂಗಾ ಮಾರಿದ ದುಡ್ಡು, ಸ್ತ್ರೀಶಕ್ತಿ ಸಂಘದ ಸಾಲ, ಇಲ್ಲವೇ ಅಡವಿಟ್ಟ ಒಡವೆಯ ದುಡ್ಡು. ಅದಕ್ಕೇ ಈ ತೀರ್ಮಾನ ಸರಿಯಾಗಿ ಆಗಬೇಕು ಎನ್ನುವ ಕಾಳಜಿ ನನ್ನದು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪೇಟೆಯ ಬೆಲೆಯನ್ನು ನೋಡಿ ದಿನ ಗೊತ್ತುಮಾಡಬೇಡಿ, ನಿಮ್ಮ ಕೆಲಸವನ್ನು ನೋಡಿ ಗೊತ್ತುಮಾಡಿ. ಕೆಲಸ ಬಾಗಿಲಿಗೆ ಬಂದು ನಿಂತಿದ್ದರೆ ಅದಕ್ಕೆ ಬೇಕಾದಷ್ಟೇ ಯಂತ್ರವನ್ನು ಈಗಲೇ ಕೊಳ್ಳಿ. ಕೆಲಸ ಇನ್ನೂ ಯೋಚನೆಯಲ್ಲಿಯೇ ಇದ್ದರೆ ಕಾಯಿರಿ. ಹೀಗೆ ಹೇಳುವುದಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಕಂಪ್ಯೂಟರ್ ವಿಷಯದಲ್ಲಿ ಕಾಯುವ ಅಭ್ಯಾಸ ನಮಗೆ ಬಂದದ್ದಕ್ಕೆ ಆಧಾರವಿದೆ. ಅಮೆರಿಕದ ಗಾರ್ಡನ್ ಮೂರ್ ಎಂಬ ತಂತ್ರಜ್ಞರು, ಮುಂದೆ ಇಂಟೆಲ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರು, 1965ರಲ್ಲಿ ಒಂದು ಮಾತು ಬರೆದರು. ಒಂದು ಚಿಪ್‌ನಲ್ಲಿ ಹಿಡಿಸಬಹುದಾದ ಬಿಡಿಭಾಗಗಳ ಸಂಖ್ಯೆ ವರ್ಷವರ್ಷವೂ ಇಮ್ಮಡಿಯಾಗುತ್ತಿದೆ ಎಂದರು. 1975ರಲ್ಲಿ ಅದನ್ನೇ ತಿದ್ದಿ, ಎರಡು ವರ್ಷಕ್ಕೊಮ್ಮೆ ಇಮ್ಮಡಿ ಎಂದರು. ಮುಂದಿನ ಹಲವು ದಶಕ ಹೆಚ್ಚುಕಡಿಮೆ ಹಾಗೆಯೇ ನಡೆಯಿತು. ಒಂದು ವರ್ಷ ತಡೆದವರಿಗೆ ಅದೇ ದುಡ್ಡಿಗೆ ಇನ್ನೂ ಚುರುಕಾದ ಯಂತ್ರ ಸಿಕ್ಕಿತು. "ತಡೆದರೆ ಲಾಭ" ಎಂಬ ನಂಬಿಕೆ ಹೀಗೆ ಬೇರೂರಿತು.

ಆದರೆ ಬೆಲೆ ಇಳಿಯಲೇಬೇಕು ಎಂಬ ಕಟ್ಟಳೆಯೇನೂ ಇಲ್ಲ. 2011ರಲ್ಲಿ ಥಾಯ್ಲೆಂಡಿನಲ್ಲಿ ದೊಡ್ಡ ಪ್ರವಾಹ ಬಂತು. ಹಾರ್ಡ್‌ಡಿಸ್ಕ್ ತಯಾರಿಸುವ ಕಾರ್ಖಾನೆಗಳು ನೀರಿನಲ್ಲಿ ನಿಂತವು, ಜಗತ್ತಿನಾದ್ಯಂತ ಹಾರ್ಡ್‌ಡಿಸ್ಕ್ ಬೆಲೆ ಏರಿತು. ಅದು ತಗ್ಗಲು ತಿಂಗಳುಗಟ್ಟಲೆ ಹಿಡಿಯಿತು. ಕೊರೊನಾ ಕಾಲದಲ್ಲಿ, 2020 ಮತ್ತು 2021ರಲ್ಲಿ, ಮನೆಯಿಂದಲೇ ಪಾಠ, ಮನೆಯಿಂದಲೇ ಕೆಲಸ ಎಂದಾದಾಗ ಚಿಪ್‌ಗಳಿಗೆ ಕೊರತೆ ಬಿದ್ದು ಬೆಲೆ ಮತ್ತೆ ಮೇಲಕ್ಕೆ ಹೋಯಿತು.

ಈಗ ನಡೆದಿರುವುದೂ ಅಂಥದೇ. 2025ರ ಕೊನೆಯ ತಿಂಗಳುಗಳಿಂದ ರ್‍ಯಾಮ್ ಬೆಲೆ ಜೋರಾಗಿ ಏರಿದೆ. ಕಂಪ್ಯೂಟರ್ ಕೆಲಸ ಮಾಡುವಾಗ ತೆರೆದ ಕಡತಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಭಾಗವೇ ರ್‍ಯಾಮ್. ಜಗತ್ತಿನ ಬಹುಪಾಲು ರ್‍ಯಾಮ್ ಚಿಪ್‌ಗಳನ್ನು ತಯಾರಿಸುವುದು ಮೂರೇ ಕಂಪನಿಗಳು: ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ಬೃಹತ್ ಡೇಟಾ ಸೆಂಟರ್‌ಗಳು ಈ ಚಿಪ್‌ಗಳನ್ನು ರಾಶಿ ರಾಶಿಯಾಗಿ ಕೊಳ್ಳುತ್ತಿವೆ. ಅಲ್ಲಿ ಲಾಭ ಹೆಚ್ಚು. ಹಾಗಾಗಿ ಕಂಪನಿಗಳು ಕಾರ್ಖಾನೆಯ ಶಕ್ತಿಯನ್ನು ಹೆಚ್ಚಾಗಿ ಆ ಕಡೆಗೇ ತಿರುಗಿಸಿವೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್, ಜನಸಾಮಾನ್ಯರಿಗೆ ಬಿಡಿಯಾಗಿ ಮಾರುತ್ತಿದ್ದ ತನ್ನ 'ಕ್ರೂಶಿಯಲ್' ವ್ಯಾಪಾರವನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಕೆಲವೇ ತಿಂಗಳಲ್ಲಿ ಬಿಡಿ ರ್‍ಯಾಮ್ ಬೆಲೆ ದುಪ್ಪಟ್ಟಾಯಿತು, ಕೆಲವು ಬಗೆಗಳಲ್ಲಿ ಅದಕ್ಕೂ ಮೇಲೆ ಹೋಯಿತು. ಹೊಸ ಚಿಪ್ ಕಾರ್ಖಾನೆ ಕಟ್ಟಿ ಸರಕು ಹೊರಬರಲು ವರ್ಷಗಳೇ ಬೇಕು.

ಇದರ ಜೊತೆಗೆ ರೂಪಾಯಿಯ ಲೆಕ್ಕವೂ ಇದೆ. ಕಂಪ್ಯೂಟರಿನ ಮುಖ್ಯ ಭಾಗಗಳಲ್ಲಿ ಬಹುಪಾಲು ಹೊರದೇಶದಿಂದ ಡಾಲರ್ ಲೆಕ್ಕದಲ್ಲಿ ಬರುತ್ತವೆ. 2025ರ ಡಿಸೆಂಬರ್‌ನಲ್ಲಿ ಒಂದು ಡಾಲರ್ ಬೆಲೆ 90 ರೂಪಾಯಿ ದಾಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರಗಳು ಬದಲಾದಾಗ ಹಲವು ಸಾಮಾನಿನ ತೆರಿಗೆ ಇಳಿಯಿತು, ಕಂಪ್ಯೂಟರ್ ಮೇಲಿನ ತೆರಿಗೆ ಮಾತ್ರ ಮೊದಲಿದ್ದ ಶೇ. 18ರಲ್ಲಿಯೇ ಉಳಿಯಿತು. ಹೀಗಿರುವಾಗ "ಮೂರು ತಿಂಗಳು ತಡೀರಿ, ಇಳಿಯುತ್ತೆ" ಎಂದು ಯಾರಾದರೂ ಭರವಸೆ ಕೊಟ್ಟರೆ ಅದನ್ನು ನೆಚ್ಚಿ ಕೂರಬೇಡಿ. "ಇವತ್ತೇ ತಗೊಳ್ಳಿ, ನಾಳೆ ಏರುತ್ತೆ" ಎಂದು ಅವಸರ ಮಾಡುವವರನ್ನೂ ನೆಚ್ಚಬೇಡಿ.

ಹಾಗಾದರೆ ಯಾವುದನ್ನು ನೆಚ್ಚಬೇಕು? ನಮ್ಮ ಸೀಮೆಯ ರೈತರಿಗೆ ಇದು ಹೊಸ ಪ್ರಶ್ನೆಯಲ್ಲ. ಕರ್ನಾಟಕದಲ್ಲಿ ಮಳೆ ತೀರಾ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಇಲ್ಲಿ ಭೂಮಿ ಹದವಾದ ದಿನ ಶೇಂಗಾ ಬಿತ್ತುತ್ತಾರೆ. ಮುಂದಿನ ಮಳೆ ಇದಕ್ಕಿಂತ ಚೆನ್ನಾಗಿ ಬರಬಹುದೆಂದು ಬೀಜ ಹಿಡಿದು ಕುಳಿತರೆ ಹದ ಹಾರಿಹೋಗುತ್ತದೆ. ಹದವೇ ಇಲ್ಲದಾಗ ಬಿತ್ತಿದರೆ ಬೀಜವೇ ಹಾಳು. ಕಂಪ್ಯೂಟರ್ ಕೊಳ್ಳುವುದಕ್ಕೂ ಹದ ನೋಡಬೇಕು. ಆ ಹದ ಇರುವುದು ನಿಮ್ಮ ಕೆಲಸದಲ್ಲಿ.

ಇದನ್ನು ಅಂಕಿಯಲ್ಲಿಟ್ಟು ನೋಡೋಣ. ಇವು ಲೆಕ್ಕ ತಿಳಿಯಲೆಂದು ನಾನು ಹಿಡಿದಿರುವ ಅಂಕಿಗಳು, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಒಂದು ಡೆಸ್ಕ್‌ಟಾಪ್‌ಗೆ 36,000 ರೂಪಾಯಿ ಎನ್ನೋಣ. ಆರು ತಿಂಗಳು ಕಾದರೆ 4,000 ರೂಪಾಯಿ ಇಳಿದೀತು ಎಂದೇ ಇಟ್ಟುಕೊಳ್ಳಿ. ಇವತ್ತೇ ತಂದು ಕೆಲಸ ಶುರುಮಾಡಿದರೆ ಬಾಡಿಗೆ, ಕರೆಂಟು, ಕಾಗದದ ಖರ್ಚೆಲ್ಲ ಕಳೆದು ತಿಂಗಳಿಗೆ 2,500 ರೂಪಾಯಿ ಉಳಿಯುವಂತಿದ್ದರೆ ಆರು ತಿಂಗಳಿಗೆ 15,000 ರೂಪಾಯಿ. ಕಾದವರು 4,000 ಉಳಿಸಲು ಹೋಗಿ 15,000 ಬಿಟ್ಟುಕೊಟ್ಟರು, ಅಂದರೆ 11,000 ರೂಪಾಯಿ ನಷ್ಟ. ಅದೇ ಇನ್ನೊಬ್ಬರಿಗೆ ಅಂಗಡಿ ಜಾಗ ಗೊತ್ತಾಗಿಲ್ಲ, ಕೆಲಸವೂ ಕಲಿತಾಗಿಲ್ಲ ಎನ್ನೋಣ. ಅವರು ಕಾದರೆ ಕಳೆದುಕೊಳ್ಳುವುದು ಏನೂ ಇಲ್ಲ. ಯಂತ್ರ, ಬೆಲೆ ಎರಡೂ ಒಂದೇ ಇದ್ದರೂ ಇಬ್ಬರ ಉತ್ತರ ಬೇರೆ ಬೇರೆ.

ಸಾಲ ಮಾಡಿ ಕೊಳ್ಳುವವರು ಇದಕ್ಕೆ ಬಡ್ಡಿಯನ್ನೂ ಸೇರಿಸಬೇಕು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 30,000 ಕೈಸಾಲ ತಂದರೆ ತಿಂಗಳಿಗೆ 900 ರೂಪಾಯಿ ಬಡ್ಡಿಗೇ ಹೋಗುತ್ತದೆ. ಮೊದಲ ತಿಂಗಳಿನಿಂದಲೇ ಆ 900 ದುಡಿಯುವ ಖಾತ್ರಿ ಇಲ್ಲದಿದ್ದರೆ ದಯವಿಟ್ಟು ಕೈಸಾಲ ಮಾಡಿ ಕಂಪ್ಯೂಟರ್ ತರಬೇಡಿ. ಬ್ಯಾಂಕಿನಲ್ಲಿ ಇಲ್ಲವೇ ಸಂಘದಲ್ಲಿ ಕಡಿಮೆ ಬಡ್ಡಿಗೆ ಸಿಗುವವರೆಗೆ ತಡೆಯುವುದು ಒಳ್ಳೆಯದು.

ಕೆಲಸ ಯಾವಾಗ ಬರುತ್ತದೆ ಎಂಬುದಕ್ಕೆ ನಾಯಕನಹಟ್ಟಿಯಂಥ ಊರಿನಲ್ಲಿ ಒಂದು ವರ್ಷಚಕ್ರವೇ ಇದೆ. ಇದು ಹೋಬಳಿ ಕೇಂದ್ರ, ಪಟ್ಟಣ ಪಂಚಾಯಿತಿ ಇರುವ ಊರು. ಸುತ್ತಿನ ಹಳ್ಳಿಗಳ ಜನ ಕಾಗದಪತ್ರಕ್ಕೆ ಇಲ್ಲಿಗೇ ಬರುತ್ತಾರೆ. 'ಭೂಮಿ' ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಏರಿ ಎರಡು ದಶಕ ದಾಟಿದೆ. ಅಲ್ಲಿಂದಾಚೆ ಜಾತಿ-ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಪಿಂಚಣಿ ಅರ್ಜಿ, ವಿದ್ಯಾರ್ಥಿವೇತನ ಎಲ್ಲವೂ ಆನ್‌ಲೈನ್ ಆಗಿವೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ಕಾಲೇಜು ಪ್ರವೇಶದ ಕೆಲಸ ತುಂಬಿ ಬರುತ್ತದೆ. ಜುಲೈ ಹೊತ್ತಿಗೆ ಶೇಂಗಾ ಬೆಳೆ ವಿಮೆ ನೋಂದಣಿಯ ಗಡುವು. ಫಾಲ್ಗುಣದಲ್ಲಿ ಇಲ್ಲಿನ ಸಂತ ತಿಪ್ಪೇರುದ್ರಸ್ವಾಮಿಗಳ ಜಾತ್ರೆ, ಆಗ ಫ್ಲೆಕ್ಸ್, ಕರಪತ್ರ, ರಸೀದಿ ಪುಸ್ತಕದ ಕೆಲಸ. ಅದರ ಬೆನ್ನಿಗೇ ಮದುವೆ ಪತ್ರಿಕೆಗಳ ಕಾಲ. ಅಂಗಡಿ ಇಡುವವರು ಈ ಚಕ್ರ ನೋಡಿಕೊಂಡು, ಕೆಲಸ ತುಂಬಿ ಬರುವುದಕ್ಕಿಂತ ಒಂದು ತಿಂಗಳು ಮೊದಲೇ ಯಂತ್ರ ತರಬೇಕು. ಪ್ರಿಂಟರ್ ಜೋಡಿಸಲು, ತಂತ್ರಾಂಶ ಹಾಕಲು, ಕೈ ಪಳಗಲು ಅಷ್ಟು ದಿನ ಬೇಕೇ ಬೇಕು. ಜನ ಸಾಲುಗಟ್ಟಿ ನಿಂತ ದಿನ ಹೊಸ ಯಂತ್ರದ ಪೆಟ್ಟಿಗೆ ಬಿಚ್ಚುತ್ತಾ ಕೂರುವುದು ಯಾರಿಗೂ ಒಳ್ಳೆಯದಲ್ಲ.

ಈಗ, ಕೊಳ್ಳುವುದೇ ಆದರೆ ಏನನ್ನು ಕೊಳ್ಳಬೇಕು? ಅರ್ಜಿ ತುಂಬಲು, ಕನ್ನಡ ಟೈಪಿಂಗ್‌ಗೆ, ಟ್ಯಾಲಿಗೆ, ಸಾಮಾನ್ಯ ಫ್ಲೆಕ್ಸ್ ವಿನ್ಯಾಸಕ್ಕೆ ದೊಡ್ಡ ಯಂತ್ರ ಬೇಡ. ಸಾಧಾರಣ ಪ್ರೊಸೆಸರ್, 8 ಜಿಬಿ ರ್‍ಯಾಮ್, ಹಾರ್ಡ್‌ಡಿಸ್ಕ್ ಬದಲಿಗೆ 256 ಇಲ್ಲವೇ 512 ಜಿಬಿಯ ಎಸ್‌ಎಸ್‌ಡಿ ಎಂಬ ಚುರುಕಾದ ಸಂಗ್ರಹ ಸಾಧನ ಇದ್ದರೆ ಸಾಕು. ಡೆಸ್ಕ್‌ಟಾಪಿನ ದೊಡ್ಡ ಗುಣವೆಂದರೆ ಅದನ್ನು ಭಾಗ ಭಾಗವಾಗಿ ಬೆಳೆಸಬಹುದು. ರ್‍ಯಾಮ್ ತುಟ್ಟಿಯಾಗಿರುವ ಈ ದಿನಗಳಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಮದರ್‌ಬೋರ್ಡಿನಲ್ಲಿ ರ್‍ಯಾಮ್ ಕೂರಿಸಲು ಕನಿಷ್ಠ ಎರಡು ಜಾಗ ಇರಲಿ. 8 ಜಿಬಿಯನ್ನು 4 ಮತ್ತು 4 ಎಂದು ಎರಡು ಪಟ್ಟಿಯಾಗಿ ಹಾಕಿಸದೆ, ಒಂದೇ ಪಟ್ಟಿಯಾಗಿ ಹಾಕಿಸಿ. ಇನ್ನೊಂದು ಜಾಗ ಖಾಲಿ ಇರಲಿ. ಬೆಲೆ ತಗ್ಗಿದಾಗ ಇಲ್ಲವೇ ಕೆಲಸ ಬೆಳೆದಾಗ ಅಲ್ಲಿ ಇನ್ನೊಂದು 8 ಜಿಬಿ ಕೂರಿಸಿಕೊಳ್ಳಬಹುದು. ಹೀಗೆ ಅರ್ಧವನ್ನು ಈಗ ಕೊಂಡು, ಉಳಿದರ್ಧಕ್ಕೆ ಕಾಯಲು ಬರುತ್ತದೆ. ಇಂದಿನ ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಅಲ್ಲಿ ಈ ಅನುಕೂಲವಿಲ್ಲ.

ಇನ್ನು ಹಳೆಯ ಯಂತ್ರ ಇರುವವರ ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಯಂತ್ರ ಅಂದೇ ನಿಂತುಹೋಗಲಿಲ್ಲ, ಈಗಲೂ ಓಡುತ್ತದೆ. ಆದರೆ ಹೊಸ ವೈರಸ್, ಹೊಸ ವಂಚನೆಗಳಿಂದ ಕಾಯುವ ತಿದ್ದುಪಡಿಗಳು ತಾವಾಗಿಯೇ ಬರುವುದಿಲ್ಲ. ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ಈ ಭದ್ರತಾ ತಿದ್ದುಪಡಿ ಪಡೆಯುವ ಅವಕಾಶವಿದೆ. ಬೇರೆಯವರ ಆಧಾರ್, ಬ್ಯಾಂಕ್ ಖಾತೆಯ ವಿವರ ಮುಟ್ಟುವ ಅಂಗಡಿಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಿಮ್ಮ ಯಂತ್ರದಿಂದ ಕಳುವಾಗುವುದು ಹಳ್ಳಿಯವರು ನಂಬಿ ಕೊಟ್ಟ ಮಾಹಿತಿ.

ಹಳೆಯ ಯಂತ್ರಕ್ಕೆ ವಿಂಡೋಸ್ 11 ಹತ್ತುತ್ತದೆಯೋ ಇಲ್ಲವೋ ಎಂದು ತಿಳಿಯಲು ಪ್ರೊಸೆಸರಿನ ಹೆಸರು ನೋಡಿ. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಇಲ್ಲವೇ ಅದರಿಂದಾಚಿನದು ಇರಬೇಕು. 'ಐ5' ಎಂದು ಬರೆದ ಮುಂದಿನ ಅಂಕಿ 8500 ಎಂದಿದ್ದರೆ ಅದು ಎಂಟನೇ ತಲೆಮಾರು, ನಡೆಯುತ್ತದೆ. 7500 ಎಂದಿದ್ದರೆ ಏಳನೆಯದು, ಅದಕ್ಕೆ ಅಧಿಕೃತವಾಗಿ ನಡೆಯುವುದಿಲ್ಲ. ಎಂಟನೇ ಇಲ್ಲವೇ ಅದರಾಚಿನ ತಲೆಮಾರಿನ ಯಂತ್ರ ನಿಮ್ಮಲ್ಲಿದ್ದು ನಿಧಾನವಾಗಿದ್ದರೆ ಹೊಸದಕ್ಕೆ ಅವಸರ ಬೇಡ. ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ನಿಮಿಷಗಟ್ಟಲೆ ತೆಗೆದುಕೊಳ್ಳುತ್ತಿದ್ದ ಯಂತ್ರ ಸೆಕೆಂಡುಗಳಲ್ಲಿ ತೆರೆಯುತ್ತದೆ. ಇನ್ನೆರಡು ಮೂರು ವರ್ಷ ಅದೇ ದುಡಿದೀತು.

ಎಂಟಕ್ಕಿಂತ ಹಿಂದಿನ ಯಂತ್ರವನ್ನೂ ಗುಜರಿಗೆ ಹಾಕಬೇಕಿಲ್ಲ. ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಇದೆ. ಅದರಲ್ಲಿ ಕನ್ನಡಕ್ಕೆ ಕಗಪ ಕೀಲಿಮಣೆ ವಿನ್ಯಾಸ ಸಿಗುತ್ತದೆ, ಯೂನಿಕೋಡ್ ಕನ್ನಡ ಸರಾಗವಾಗಿ ಮೂಡುತ್ತದೆ. ಮಕ್ಕಳ ಓದಿಗೆ, ಟೈಪಿಂಗ್ ಕಲಿಯಲು, ಪ್ರೋಗ್ರಾಮಿಂಗ್ ಕಲಿಯಲು ಅದು ಧಾರಾಳವಾಗಿ ಸಾಕು. ಅಂಗಡಿಯವರಿಗೆ ಮಾತ್ರ ಒಂದು ಎಚ್ಚರಿಕೆ. ಆಧಾರ್ ದೃಢೀಕರಣಕ್ಕೆ ಬಳಸುವ ಬಹುಪಾಲು ಬೆರಳಗುರುತು ಸಾಧನಗಳ ತಂತ್ರಾಂಶ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಮಾಡಿದ್ದು. ಫ್ಲೆಕ್ಸ್ ಅಂಗಡಿಗಳ ಹಳೆಯ ಕಡತಗಳು ಕೋರೆಲ್‌ಡ್ರಾದಲ್ಲಿ, ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿ ಇರುತ್ತವೆ. ಯಂತ್ರ ಬದಲಿಸುವ ಮೊದಲು ಆ ಕಡತಗಳು ಹೊಸದರಲ್ಲಿ ತೆರೆಯುತ್ತವೆಯೇ ಎಂದು ನೋಡಿಕೊಳ್ಳಿ. ಹತ್ತು ವರ್ಷದ ಮದುವೆ ಪತ್ರಿಕೆ ಮಾದರಿಗಳು ಅಂಗಡಿಯ ಆಸ್ತಿ. ಅವುಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಡಿ.

ಮೂರನೆಯ ದಾರಿಯೊಂದಿದೆ, ಸೆಕೆಂಡ್‌ಹ್ಯಾಂಡ್. ದೊಡ್ಡ ಕಂಪನಿಗಳು ಕೆಲವು ವರ್ಷ ಬಳಸಿದ ಡೆಸ್ಕ್‌ಟಾಪ್‌ಗಳನ್ನು ಒಟ್ಟಿಗೆ ಮಾರಿಬಿಡುತ್ತವೆ. ಅವು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಿಂದ ನಮ್ಮ ಕಡೆಗೂ ಬರುತ್ತವೆ. ಕಚೇರಿಗೆಂದೇ ಮಾಡಿದ ಗಟ್ಟಿ ಯಂತ್ರಗಳು, ಅವುಗಳಲ್ಲಿ ರ್‍ಯಾಮ್ ಮೊದಲೇ ಕೂತಿರುತ್ತದೆ. ಹೊಸ ರ್‍ಯಾಮ್ ತುಟ್ಟಿಯಾದಾಗ ಇದು ಒಳ್ಳೆಯ ಆಯ್ಕೆಯಾಗಬಹುದು. ಆದರೆ ವಿಂಡೋಸ್ 10 ಬೆಂಬಲ ನಿಂತ ಮೇಲೆ ಆರನೇ, ಏಳನೇ ತಲೆಮಾರಿನ ಯಂತ್ರಗಳೂ ಅಗ್ಗದ ಬೆಲೆಯಲ್ಲಿ ಸಿಗುತ್ತವೆ. ಅಗ್ಗವೆಂದು ಮರುಳಾಗದೆ, ಆಗಲೇ ಹೇಳಿದ ಪ್ರೊಸೆಸರ್ ಅಂಕಿಯನ್ನು ನೋಡಿಯೇ ಕೊಳ್ಳಿ. ಬಿಲ್ ಕೇಳಿ, ಎಷ್ಟು ತಿಂಗಳ ವಾರಂಟಿ ಎಂದು ಅದರ ಮೇಲೆಯೇ ಬರೆಸಿಕೊಳ್ಳಿ. ಒಳಗಿರುವ ವಿಂಡೋಸ್ ಅಸಲಿಯೇ, ಕಳ್ಳಪ್ರತಿಯೇ ಎಂದು ವಿಚಾರಿಸಿ.

ಬೆಲೆ ಲೆಕ್ಕ ಹಾಕುವಾಗ ಯುಪಿಎಸ್ ಬಿಟ್ಟುಬಿಡುವವರು ಬಹಳ ಮಂದಿ. ನಮ್ಮ ಹಳ್ಳಿಗಳಲ್ಲಿ ವೋಲ್ಟೇಜ್ ಏರಿಳಿತ, ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟ್ ಹೋಗುವುದು ಎಲ್ಲರಿಗೂ ಗೊತ್ತಿದೆ. ಡೆಸ್ಕ್‌ಟಾಪ್‌ಗೆ ಲ್ಯಾಪ್‌ಟಾಪ್‌ನಂತೆ ಒಳಗೆ ಬ್ಯಾಟರಿ ಇಲ್ಲ. ಅರ್ಜಿ ತುಂಬಿ ಕೊನೆಯ ಗುಂಡಿ ಒತ್ತುವಾಗ ಕರೆಂಟ್ ಹೋದರೆ ಅರ್ಧ ಗಂಟೆಯ ಕೆಲಸ ಹೋಯಿತು. ಯುಪಿಎಸ್‌ಗೂ, ಸರಿಯಾದ ಅರ್ಥಿಂಗ್‌ಗೂ ಮೊದಲೇ ಹಣ ತೆಗೆದಿಡಿ. ಕರೆಂಟ್ ಬಿಲ್ಲಿಗೆ ಹೆದರಬೇಕಿಲ್ಲ. ಮಾನಿಟರ್ ಸೇರಿ ನೂರು ವಾಟ್ ಎಂದು ಹಿಡಿದರೂ ಹತ್ತು ತಾಸು ಓಡಿದರೆ ಒಂದು ಯೂನಿಟ್. ಬೇಸಿಗೆಯ ದೂಳು ಇಲ್ಲಿ ಯಂತ್ರದ ದೊಡ್ಡ ವೈರಿ. ಫ್ಯಾನಿನಲ್ಲಿ ದೂಳು ತುಂಬಿದರೆ ಯಂತ್ರ ಕಾಯುತ್ತದೆ, ಕಾದರೆ ನಿಧಾನವಾಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆದು ಶುಚಿ ಮಾಡಿಸಿ.

ಮಕ್ಕಳ ಓದಿಗಾಗಿ ಕೊಳ್ಳುವವರ ಲೆಕ್ಕ ಮಾತ್ರ ಸ್ವಲ್ಪ ಬೇರೆ. ಅಲ್ಲಿ ದುಡಿಮೆ ಇಲ್ಲ, ಆದರೆ ಕಾಯುವುದಕ್ಕೆ ಬೆಲೆ ಇದೆ. ಡಿಗ್ರಿಯ ಕೊನೆಯ ವರ್ಷದಲ್ಲಿರುವ ಮಗಳಿಗೆ ಟ್ಯಾಲಿ, ಎಕ್ಸೆಲ್ ಪಳಗಿಸಿಕೊಳ್ಳಲು ಇರುವುದು ಈ ವರ್ಷವೊಂದೇ. ಬರುವ ವರ್ಷ ಬೆಲೆ ಇಳಿದರೂ ಕಳೆದ ವರ್ಷ ಮರಳಿ ಬರುವುದಿಲ್ಲ. ಅವಳಿಗೆ ಸೆಕೆಂಡ್‌ಹ್ಯಾಂಡ್ ಆದರೂ ಸರಿ, ಈಗಲೇ ಕೊಡಿಸಿ. ಹೈಸ್ಕೂಲಿನ ಮಗುವಿಗಾದರೆ ಶಾಲೆಯ ಲ್ಯಾಬ್ ತೆರೆದಿದೆಯೇ, ಮನೆಯಲ್ಲಿ ಯಾರದಾದರೂ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿ ಕೊಡಬಹುದೇ ಎಂದು ಮೊದಲು ನೋಡಿ.

ನಮ್ಮ ಮಕ್ಕಳಿಗೆ ಕಂಪ್ಯೂಟರ್ ಏಕೆ ಎಂದು ಕೇಳುವವರಿಗೆ ಒಂದು ಮಾತು. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಅಲ್ಲಿ ಹಳ್ಳಿ ಶಾಲೆಗಳ ಶಿಕ್ಷಕರಿಗೆ ವಿಜ್ಞಾನ ತರಬೇತಿ ನಡೆಯುತ್ತದೆ. ನಮ್ಮ ತಾಲ್ಲೂಕಿನಲ್ಲಿಯೇ ಇರುವ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋದ ಮರುಬಳಕೆ ಉಡಾವಣಾ ವಾಹನದ ಮಾದರಿ ಮೂರು ಬಾರಿ ತಾನಾಗಿಯೇ ಓಡುದಾರಿಗೆ ಇಳಿಯಿತು, 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು. ಒಳಗೆ ಪೈಲಟ್ ಇರಲಿಲ್ಲ. ಅದನ್ನು ಇಳಿಸಿದ್ದು ಅದರೊಳಗಿನ ಕಂಪ್ಯೂಟರ್, ಅದಕ್ಕೆ ಸೂಚನೆ ಬರೆದ ಮನುಷ್ಯರು. ಹಿಂದೆ ಅಮೃತಮಹಲ್ ಕಾವಲಾಗಿದ್ದ ನೆಲದಲ್ಲಿ ಇಂಥ ಕೆಲಸ ನಡೆಯುವಾಗ ಆ ಕಾವಲಿನ ಅಂಚಿನ ಹಳ್ಳಿಯ ಮಕ್ಕಳು ಕೀಲಿಮಣೆಗೆ ಹೊರಗಿನವರಾಗಿ ಉಳಿಯಬಾರದು ಎಂಬುದು ನನ್ನ ಬಲವಾದ ಆಸೆ.

ಹಾಗೆಂದು ಎಲ್ಲರೂ ಈಗಲೇ ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಆಟ ಆಡಲು ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಯಂತ್ರ ಬೇಕೆನ್ನುವವರು ಕಾಯಬಹುದು. ಈಗಿರುವ ಯಂತ್ರ ಕೆಲಸಕ್ಕೆ ಸಾಲುತ್ತಿರುವವರು, ಏನು ಕೆಲಸ ಮಾಡಬೇಕೆಂದು ಇನ್ನೂ ಗೊತ್ತಾಗದವರು, ಬಡ್ಡಿ ಭಾರವಾಗುವವರು ಕಾಯಲೇಬೇಕು. ಆದರೆ ಸುಮ್ಮನೆ ಕಾಯಬೇಡಿ. ಆ ದಿನಗಳಲ್ಲಿ ಟೈಪಿಂಗ್ ಕಲಿಯಿರಿ, ಗೆಳೆಯರ ಅಂಗಡಿಯಲ್ಲಿ ಕೂತು ಕೆಲಸ ನೋಡಿ, ತಿಂಗಳಿಗಿಷ್ಟು ಎಂದು ಕೂಡಿಡಿ.

ತಿಪ್ಪೇರುದ್ರಸ್ವಾಮಿಗಳು ಇಲ್ಲಿ ಕೆರೆ ಕಟ್ಟಿಸುವಾಗ, ಮಾಡಿದ ಕೆಲಸಕ್ಕೆ ತಕ್ಕಷ್ಟೇ ಕೂಲಿ ಸಲ್ಲುತ್ತಿತ್ತೆಂದು ನಮ್ಮ ಜನ ಇಂದಿಗೂ ಹೇಳುತ್ತಾರೆ. "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಅವರ ಮಾತು ಈ ಸೀಮೆಯಲ್ಲಿ ಕೇಳದವರಿಲ್ಲ. ಯಂತ್ರಕ್ಕೆ ಹಾಕುವ ದುಡ್ಡೂ ಹಾಗೆಯೇ ಇರಲಿ, ಮಾಡುವ ಕೆಲಸದಷ್ಟು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯವರೆಲ್ಲ ಕೂತು ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆಯಿರಿ. ಈ ಯಂತ್ರದಿಂದ ಯಾವ ಕೆಲಸ ಆಗಬೇಕು, ಅದು ಯಾವ ತಿಂಗಳಿನಿಂದ ಶುರು, ತಿಂಗಳಿಗೆ ಎಷ್ಟು ದುಡಿದೀತು ಇಲ್ಲವೇ ಯಾರು ಏನನ್ನು ಕಲಿತಾರು, ಹಣ ಎಲ್ಲಿಂದ ಬರುತ್ತದೆ. ನಾಲ್ಕಕ್ಕೂ ಉತ್ತರ ಸಿಕ್ಕಿದರೆ ಬೆಲೆ ಇನ್ನೆರಡು ಸಾವಿರ ಇಳಿಯಲಿ ಎಂದು ಕೂರಬೇಡಿ, ಹೋಗಿ ಕೊಳ್ಳಿ. ಒಂದಕ್ಕಾದರೂ ಉತ್ತರ ಸಿಗದಿದ್ದರೆ ಅದು ಸಿಗುವವರೆಗೆ ದುಡ್ಡು ಬ್ಯಾಂಕಿನಲ್ಲಿಯೇ ಇರಲಿ. ಕೊಂಡ ಮೇಲೆ ಬೆಲೆ ಇಳಿದ ಸುದ್ದಿ ಕಿವಿಗೆ ಬಿದ್ದರೂ ಪೇಚಾಡಬೇಡಿ. ಅಷ್ಟರಲ್ಲಿ ನಿಮ್ಮ ಯಂತ್ರ ಆ ವ್ಯತ್ಯಾಸವನ್ನು ದುಡಿದು ಕೊಟ್ಟಿರುತ್ತದೆ.